ಹಜಿರಾ ಬೀಯ ಅಂಗಳದ ರಜಾಯಿಗಳು

ನಮ್ಮ ಮನೆಗೂ ಹಜಿರಾ ಬೀಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹುಮನಾಬಾದಿಗೆ ನಾನು ಸೊಸೆಯಾಗಿ ಬಂದಾಗ ಮೊದಲು ಪರಿಚಯವಾದದ್ದು ಆಕೆಯ ಮುಖವಲ್ಲ, ಆಕೆಯ ಬಿಲ್ಲಿನ ಸದ್ದು. ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಕೂತರೆ ಗೋಡೆಯಾಚೆ ಆಕೆ ಹತ್ತಿ ಹಿಂಜಲು ಕೂರುತ್ತಿದ್ದಳು. ಬಿಲ್ಲಿನ ಹುರಿಯ ಮೇಲೆ ಮರದ ಕೊಡತಿ ಬಿದ್ದಾಗಲೆಲ್ಲ ನಮ್ಮ ಅಡುಗೆಮನೆಯ ಗೋಡೆ ಸಣ್ಣಗೆ ನಡುಗುತ್ತಿತ್ತು. ನನ್ನ ಮಗಳು ಹುಟ್ಟಿದ ಮೇಲೆ ಆ ಸದ್ದೇ ಅವಳಿಗೆ ಜೋಗುಳವಾಯಿತು. ಶುಕ್ರವಾರ ಹಜಿರಾ ಬೀ ಕೆಲಸಕ್ಕೆ ರಜೆ ಮಾಡಿದರೆ ಕೂಸು ಮಲಗಲು ಹಟ ಮಾಡುತ್ತಿತ್ತು.

ಆಕೆಯ ತವರು ಕಲ್ಯಾಣ, ಕೋಟೆಯ ಹಿಂದಿನ ಓಣಿ. ಗಂಡ ಜಲಾಲುದ್ದೀನ್ ಗಾದಿ, ರಜಾಯಿ ತುಂಬುವುದರಲ್ಲಿ ಹೆಸರಾದವನು. ಅವನು ತೀರಿಕೊಂಡಾಗ ಅವನ ತಮ್ಮಂದಿರು ಬಂದು, ಹೆಂಗಸು ಬಿಲ್ಲು ಹಿಡಿಯುವುದು ಚಂದವಲ್ಲ, ಅದನ್ನು ನಮಗೆ ಕೊಟ್ಟುಬಿಡು ಎಂದರಂತೆ. “ಒಯ್ರಿ. ಬಿಲ್ಲಿನ ಸಂಗಾಟ ನನ್ನನ್ನೂ ಒಯ್ದು ದಿನಾ ಕೂಡಿಸಿ ಉಣಿಸ್ರಿ” ಎಂದಳಂತೆ ಈಕೆ. ಅವರು ಚಹಾ ಕುಡಿದು ಬಿಲ್ಲನ್ನು ಅಲ್ಲೇ ಬಿಟ್ಟು ಹೋದರು. ಮಗಳು ಸರ್ವರಿಯನ್ನು ಕಲ್ಯಾಣಕ್ಕೇ ಕೊಟ್ಟ ಮೇಲೆ ಆಕೆ ಒಬ್ಬಳೇ ಆದಳು. ಬಾಗಿಲಿಗೆ ಗೋಣಿಯ ಪರದೆ ಹಾಕಿಕೊಂಡು, ಅದರ ಹಿಂದೆ ಕೂತು ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟಳು.

ಆಕೆಗೆ ಓದು ಬರುವುದಿಲ್ಲ. ಯಾರ ರಜಾಯಿ ಯಾವುದೆಂದು ತಿಳಿಯಲು ಮೂಲೆಯಲ್ಲಿ ಒಂದು ಬಣ್ಣದ ದಾರ ಹೊಲಿದು ಗಂಟು ಹಾಕುತ್ತಿದ್ದಳು. ಒಂದೊಂದು ಮನೆಗೆ ಒಂದೊಂದು ಬಣ್ಣ. ನಮ್ಮದು ಹಳದಿ. ಎದುರು ಮನೆಯ ಗಯಾಬಾಯಿಯದು ಹಸಿರು. ಗಯಾಬಾಯಿ ಎರಡು ವರ್ಷ ಕೆಂಪು ದಾರಕ್ಕಾಗಿ ಜಗಳ ಮಾಡಿದ್ದಳು, ಸಿಗಲಿಲ್ಲ.

ಮಹಾಯುದ್ಧ ಶುರುವಾದ ಮರುವರ್ಷ. ದಸರೆ ಮುಗಿದಿತ್ತು. ಚಳಿಗೆ ಮುಂಚೆ ಎಲ್ಲರೂ ಹಳೆಯ ರಜಾಯಿ ಬಿಚ್ಚಿಸಿ ಹತ್ತಿ ಹಿಂಜಿಸಿ ಮತ್ತೆ ತುಂಬಿಸುವ ಕಾಲ ಅದು. ಹಜಿರಾ ಬೀಯ ಅಂಗಳದ ಗೋಡೆ, ಕಟ್ಟೆ, ಮಾಳಿಗೆ ಎಲ್ಲ ರಜಾಯಿಗಳೇ. ಆಗ ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಹೊಸದಾಗಿ ಗೊತ್ತುಮಾಡಲು ಅಜೀಮುದ್ದೀನ್ ಎಂಬ ಕಾರಕೂನ ಬಂದ. ಬೇರೆ ಕಡೆಯಿಂದ ಬದಲಿಯಾಗಿ ಬಂದವನು, ಊರಿನ ಪರಿಚಯವಿಲ್ಲ. ಗಂಡಸರಿಲ್ಲದ ಮನೆ, ಪರದೆಯ ಒಳಗೆ ಕಾಲಿಡುವಂತಿಲ್ಲ. ಬೀದಿಯಲ್ಲೇ ನಿಂತು ಮಾಳಿಗೆಯತ್ತ ಕತ್ತೆತ್ತಿ ನೋಡಿದ.

“ಇಷ್ಟು ಹಾಸಿಗಿ ಯಾರಿಗಿ? ಮಾಣಿಕನಗರಕ್ಕ ಬರೋ ಮಂದೀನ್ನ ಇಳಿಸ್ಕೋತೀಯೇನು?” ಎಂದು ಕೇಳಿದ.

“ಗಿರಾಕಿ ಮಂದೀವು ಸಾಹೇಬ. ನನ್ನ ಮನ್ಯಾಗ ಇರೋದು ಒಂದ ಕೋಲಿ” ಎಂದಳು ಪರದೆಯ ಒಳಗಿಂದ.

“ಹಂಗಾದ್ರ ಹೆಸರು ಹೇಳು, ಕೇಳಿ ಬರ್ತೀನಿ.”

ಆಕೆ ದಾರದ ಬಣ್ಣ ನೋಡಿ ನೋಡಿ ಹೆಸರು ಹೇಳಿದಳು. ಆಕೆ ಕೆಟ್ಟದ್ದು ಅಲ್ಲೇ. ಅಷ್ಟರಲ್ಲಿ ಓಣಿಯಲ್ಲಿ ಸುದ್ದಿ ಹರಡಿತ್ತು, ಈ ಸಲ ಹಾಸಿಗೆ ಎಣಿಸಿ ಪಟ್ಟಿ ಹಾಕುತ್ತಾರೆ ಎಂದು. ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಕಾರಕೂನ ಒಂದೊಂದು ಬಾಗಿಲಿಗೆ ಹೋಗಿ ಕೇಳಿದರೆ ಎಲ್ಲರ ಉತ್ತರವೂ ಒಂದೇ.

“ನಮ್ದೇನಿಲ್ರಿ” ಎಂದಳು ಗಯಾಬಾಯಿ. “ನಾವು ಗೋಣಿಚೀಲದ ಮ್ಯಾಲ ಮಲಗೋ ಮಂದಿ.”

ಒಳಗೆ ಮಂಚದ ಮೇಲೆ ಗಾದಿ ಕಾಣುತ್ತಿತ್ತಂತೆ.

ನಮ್ಮ ಮನೆಗೂ ಬಂದ. ನನ್ನ ಮಾವ ದೇವಿಂದ್ರಪ್ಪನವರು ಅವನನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ತರಿಸಿದರು. ಅವರು ಸುಮ್ಮನೆ ಯಾರಿಗೂ ಚಹಾ ಕುಡಿಸುವವರಲ್ಲ. ನಾನು ಬಟ್ಟಲು ಇಟ್ಟು ಒಳಗೆ ಬಂದ ಮೇಲೆ ಅವರ ದನಿ ತಗ್ಗಿತು. ಬಾಗಿಲ ಮರೆಯಲ್ಲಿ ನಿಂತರೂ ಕೇಳಿಸಿದ್ದು ಎರಡೇ ಮಾತು, “ಮಾಣಿಕನಗರ” ಮತ್ತು “ಆಕಿ”. ಕಾರಕೂನ ಹೋದ ಮೇಲೆ, “ಏನಂದ್ರಿ ಮಾವಾ?” ಎಂದು ಕೇಳಿದೆ. “ನಿನಗ್ಯಾಕ ಬೇಕು? ಕೂಸು ಅಳಾಕತ್ತದ, ನೋಡು ಹೋಗು” ಎಂದರು. ಕೂಸು ನನ್ನ ಕಂಕುಳಲ್ಲೇ ನಗುತ್ತಿತ್ತು.

ನನ್ನ ಸಂಶಯ ಅಲ್ಲಿಂದ ಶುರುವಾಯಿತು. ಊರ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಗೆ ನಡೆಯುವ ದರಬಾರದ ಉತ್ಸವಕ್ಕೆ ಬರುವ ಪರಊರಿನವರನ್ನು ಇಳಿಸಿಕೊಳ್ಳುವವರು ನಾವು. ನಮ್ಮ ಪಡಸಾಲೆಯಲ್ಲಿ ಅವರು ಸಾಲಾಗಿ ಮಲಗುತ್ತಾರೆ, ಹೋಗುವಾಗ ಮಾವನವರ ಕೈಗೆ ಏನಾದರೂ ಇಟ್ಟು ಹೋಗುತ್ತಾರೆ. ಅವರಿಗೆಂದೇ ಮಾಡಿಸಿದ ಕೆಂಪು ರಜಾಯಿಗಳು ಆಗ ಹಜಿರಾ ಬೀಯ ಮಾಳಿಗೆಯ ಮೇಲಿದ್ದವು. ಅವು ನಮ್ಮವೆಂದು ಗೊತ್ತಾದರೆ ಹೆಚ್ಚಿನ ಪಟ್ಟಿ ನಮ್ಮ ತಲೆಗೇ. ಇನ್ನೊಂದು ವಿಷಯವಿದೆ. ಆಕೆಯ ಅಂಗಳ ನಮ್ಮ ಕಡೆಗೆ ಸೇರಿದರೆ ಎತ್ತಿನ ಕೊಟ್ಟಿಗೆ ಆಗುತ್ತದೆ ಎಂದು ಮಾವನವರು ಊಟಕ್ಕೆ ಕೂತಾಗ ಹೇಳಿದ್ದನ್ನು ನಾನು ಬಡಿಸುತ್ತ ಕೇಳಿದ್ದೆ.

ದೀಪಾವಳಿಯ ಹೊತ್ತಿಗೆ ನೋಟೀಸು ಬಂತು. ಹಜಿರಾ ಬೀಯ ಮನೆಯನ್ನು ಬಾಡಿಗೆಗೆ ಮಂದಿ ಇಳಿಸುವ ಮನೆ ಎಂದು ಹಿಡಿದು, ವಸತಿಗೃಹದ ದರದಲ್ಲಿ ಪಟ್ಟಿ ಹಾಕಿದ್ದರು. ಒಂದು ವರ್ಷ ಹೇಗಾದರೂ ತುಂಬಬಹುದು, ವರ್ಷವರ್ಷವೂ ಆಗುವುದಿಲ್ಲ. ಅಂಗಳ ಮಾರಬೇಕು. ಅಂಗಳ ಹೋದರೆ ಹತ್ತಿ ಹರವಲು ಜಾಗವಿಲ್ಲ, ಹತ್ತಿ ಹರವದಿದ್ದರೆ ಬಿಲ್ಲು ಗೂಟಕ್ಕೆ.

ನಮ್ಮ ಗೋಡೆಯಲ್ಲಿ ಒಂದು ಕಿಂಡಿ ಇದೆ. ಅದರಿಂದಲೇ ನಾವು ಮಜ್ಜಿಗೆ, ಬೆಂಕಿಯ ಕೆಂಡ, ಊರಿನ ಸುದ್ದಿ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು. ನೋಟೀಸು ಬಂದ ಮರುದಿನ ನೋಡಿದರೆ ಆಕೆ ಅದಕ್ಕೆ ಹಳೆಯ ಹತ್ತಿ ತುರುಕಿದ್ದಳು. “ಚಾಚಿ” ಎಂದು ಕರೆದೆ. ಬಿಲ್ಲಿನ ಸದ್ದು ನಿಂತಿತು. ಮತ್ತೆ ಸದ್ದು ಶುರುವಾಯಿತು.

ಆಕೆ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿ ಜಿಲ್ಲೆಯ ಸಾಹೇಬರಿಗೆ ಅಪೀಲು ಹಾಕಿದಳು. ಅವರು ಮಾರ್ಗಶಿರದಲ್ಲಿ ಹುಮನಾಬಾದಿಗೆ ತಪಾಸಣೆಯ ದೌರಾ ಬರುವವರಿದ್ದರು, ಮನೆಯ ಮುಂದೆಯೇ ಬಂದು ನೋಡಿ ತೀರ್ಮಾನಿಸುತ್ತಾರೆ ಎಂದು ತಿಳಿಯಿತು. ಸಾಕ್ಷಿ ಬೇಕಿತ್ತು, ಒಬ್ಬರೂ ಒಪ್ಪಲಿಲ್ಲ. ಸುಳ್ಳು ಹೇಳಿದವರು ಈಗ ಕಚೇರಿಗೆ ಹೆದರಿದರು. ಕೇಳಿ ಬರಲು ಕಲ್ಯಾಣದಿಂದ ಬಂದ ಸರ್ವರಿ ಓಣಿಯೆಲ್ಲ ತಿರುಗಿ ಬರಿಗೈಯಲ್ಲಿ ವಾಪಸಾದಳು.

ಆದರೆ ಚಳಿ ಬಿತ್ತು. ಆ ವರ್ಷ ಬೇಗನೆ ಬಿತ್ತು. ಒಬ್ಬೊಬ್ಬರೇ ಸಂಜೆ ಹೊತ್ತು ಹಿತ್ತಲ ಬಾಗಿಲಿಗೆ ಹೋಗತೊಡಗಿದರು. ಗಯಾಬಾಯಿ ಹೋದಾಗ ನಾನು ಹಿತ್ತಲಲ್ಲಿ ಕೂಸಿನ ಬಟ್ಟೆ ಹಿಂಡುತ್ತಿದ್ದೆ.

“ಹಜಿರಾ, ನಂದು ಕೊಡವಾ. ಬೆನ್ನು ಸೆಟೆದದ.”

“ಏನು ಕೊಡ್ಲಿ?”

“ರಜಾಯಿ.”

“ನಿಂದು ಇಲ್ಲಲ್ಲ. ನೀ ಗೋಣಿಚೀಲದಾಗ ಮಲಗಾಕಿ.”

“ಹಂಗಂದಿದ್ದು ಆ ಕಾರಕೂನಗ.”

“ಹಂಗಾದ್ರ ಅವನ ಎದುರಿಗೇ ನಂದು ಅನ್ನು. ಸಾಹೇಬ್ರು ಬರೋ ದಿವಸ ಬಾ. ಬೀದ್ಯಾಗ ನಿಂತು ಹೇಳು, ಎತ್ತಿಕೊಂಡು ಹೋಗು.”

“ನಮ್ಮ ಮನಿಗಿ ಪಟ್ಟಿ ಹೆಚ್ಚು ಮಾಡಿದ್ರ?”

“ನನ್ನ ಮನಿಗಿ ಮಾಡಿದಾಗ ನಿನಗ ಚಳಿ ಹತ್ತಿತೇನು?”

ಗಯಾಬಾಯಿ ಗೊಣಗುತ್ತ ಹೋದಳು. ಬಂದವರಿಗೆಲ್ಲ ಅದೇ ಮಾತು. ಓಣಿ ಪೂರ್ತಿ ಶಾಲು, ಧೋತರ, ಹಳೆಯ ಸೀರೆ ಹೊದ್ದು ಕೆಮ್ಮುತ್ತಿತ್ತು. ಮಾಳಿಗೆಯ ಮೇಲೆ ಬೆಚ್ಚಗಿನ ರಜಾಯಿಗಳು ರಾಶಿ ಬಿದ್ದಿದ್ದವು.

ದರಬಾರ ಹತ್ತಿರ ಬಂದಂತೆ ಮಾವನವರಿಗೆ ಚಡಪಡಿಕೆ ಹೆಚ್ಚಾಯಿತು. ಪರಊರಿನವರು ಬಂದರೆ ಏನು ಹೊದಿಸುವುದು? ನನ್ನನ್ನು ಕರೆದು, “ನಿನ್ನ ಮಾತು ಆಕಿ ಕೇಳ್ತಾಳ. ಹಿತ್ತಲ ಕಡಿಂದ ನಮ್ಮವು ಇಸ್ಕೊಂಡು ಬಾ. ಮಂದಿ ನೋಡಬಾರದು” ಎಂದರು.

ಹೋದೆ. ಹಜಿರಾ ಬೀ ಬಾಗಿಲು ಅರ್ಧ ತೆರೆದು ನನ್ನನ್ನೇ ದಿಟ್ಟಿಸಿದಳು. ಒಂದು ತಿಂಗಳಿಗೂ ಮಿಕ್ಕಿ ನಾವು ಎದುರುಬದುರಾಗಿರಲಿಲ್ಲ. ಆಕೆಯ ಕೆನ್ನೆಗಳು ಒಳಗೆ ಹೋಗಿದ್ದವು.

“ನಿಮ್ಮ ಮಾವ ಕಳಿಸ್ಯಾನೇನು?”

“ಹೌದು ಚಾಚಿ.”

“ನಾ ಮಂದಿ ಇಳಿಸ್ಕೋತೀನಿ ಅಂತ ಅವನೇ ಹೇಳ್ಯಾನ ಕಾರಕೂನಗ. ನನಗ ಗೊತ್ತದ. ನೀನೂ ಕೇಳಿರಬೇಕು.”

“ಪೂರಾ ಕೇಳಿಲ್ಲ” ಎಂದೆ. ನಿಜ ಅಷ್ಟೇ ಇತ್ತು. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳು, ಕಡಿಮೆ ಹೇಳಿದರೂ ಸುಳ್ಳು.

ಆಕೆ ಒಳಗೆ ಹೋದಳು. ನನ್ನ ಮಗಳ ಪುಟ್ಟ ರಜಾಯಿ ತಂದಳು, ನನ್ನ ಮದುವೆಯ ಸೀರೆಯ ಸೆರಗಿನಿಂದ ಮಾಡಿದ್ದು. “ಇದು ಒಯ್ಯಿ. ಕೂಸು ಸುಳ್ಳು ಹೇಳಿಲ್ಲ. ಕೆಂಪವು ಕೊಡಂಗಿಲ್ಲ.”

ಕೈ ಚಾಚಿದೆ. ಹತ್ತಿಗೆ ಇನ್ನೂ ಬಿಸಿಲಿನ ವಾಸನೆ ಇತ್ತು. ಅಷ್ಟರಲ್ಲಿ ಒಂದು ವಿಚಾರ ಹೊಳೆಯಿತು. ಸಾಹೇಬರು ಬಂದ ದಿನ ಗಂಡಸರ ನಡುವೆ ನಾನು ಬೀದಿಗೆ ಬರಬೇಕೆಂದರೆ ಮಾವನವರು ಬಿಡುವುದಿಲ್ಲ. ಕಲ್ಯಾಣದ ಬಟ್ಟೆಯಂಗಡಿಯಲ್ಲಿ ದುಡಿಯುವ ನನ್ನ ಯಜಮಾನರಿಗೂ ಹೇಳಿ ಕಳಿಸುತ್ತಾರೆ. ಆದರೆ ಕೂಸಿನ ಹೊದಿಕೆ ತರಲು ಹೊರಟ ತಾಯಿಯನ್ನು ಯಾರು ತಡೆಯುತ್ತಾರೆ?

“ಇದೂ ಇಲ್ಲೇ ಇರಲಿ ಚಾಚಿ. ಆ ದಿವಸ ಬಂದು ಒಯ್ತೀನಿ.”

ಆಕೆಯ ಕಣ್ಣುಗಳು ಸಣ್ಣವಾದವು. “ಇದೇನು ಹೊಸ ಆಟ? ಇದನ್ನೂ ಮಾವನೇ ಕಲಿಸ್ಯಾನೇನು?”

“ಕೂಸಿಗಿ ನನ್ನ ಹಳೇ ಸೀರಿ ಅದ. ಎರಡು ಮಡಿಕಿ ಮಾಡಿ ಹೊದಿಸ್ತೀನಿ.”

ಆಕೆ ನಂಬಲಿಲ್ಲ. ರಜಾಯಿ ಒಳಗೆ ಒಯ್ದು ಬಾಗಿಲು ಹಾಕಿದಳು. ಅಂದು ಕೂಸನ್ನು ಎದೆಗವಚಿಕೊಂಡೇ ಮಲಗಿದೆ. ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗಲಿಲ್ಲ.

ಸಾಹೇಬರು ಬಂದದ್ದು ಮಧ್ಯಾಹ್ನಕ್ಕೆ. ಬೀದಿಯಲ್ಲಿ ಕುರ್ಚಿ ಹಾಕಿದರು. ಪಕ್ಕದಲ್ಲಿ ಅಜೀಮುದ್ದೀನ್. ಸರ್ವರಿ ರಜಾಯಿಗಳನ್ನು ಹೊತ್ತು ತಂದು ಕಟ್ಟೆಯ ಮೇಲೆ ಒಟ್ಟಿದಳು. ಹಜಿರಾ ಬೀ ಪರದೆಯ ಹಿಂದೆ. ಓಣಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು, ಯಾರೂ ಕಟ್ಟೆಯ ಹತ್ತಿರ ಬರಲಿಲ್ಲ.

“ಇವೆಲ್ಲ ಗಿರಾಕಿಗಳವು ಅಂತೀ. ಗಿರಾಕಿ ಎಲ್ಲಿ?” ಎಂದರು ಸಾಹೇಬರು. ಅವರು ಕನ್ನಡವನ್ನು ತಡೆದು ತಡೆದು ಆಡುತ್ತಿದ್ದರು.

“ಎಲ್ಲಾ ಇಲ್ಲೇ ನಿಂತಾರ ಸಾಹೇಬ” ಎಂದಿತು ಪರದೆಯ ಒಳಗಿನ ದನಿ. “ಬಾಯಿ ಅಷ್ಟೇ ಮನ್ಯಾಗ ಬಿಟ್ಟು ಬಂದಾರ.”

ಯಾರೋ ಕಿಸಕ್ಕೆಂದರು. ನಾನು ಸೆರಗು ಮುಂದಕ್ಕೆಳೆದು, ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ. “ಎಲ್ಲಿಗಿ?” ಎಂದರು ಮಾವನವರು. “ಕೂಸಿಂದು ತರ್ತೀನ್ರಿ” ಎಂದೆ. ಅಷ್ಟು ಜನರ ಮುಂದೆ ಅವರು ಬೇಡ ಎನ್ನಲಾಗಲಿಲ್ಲ.

“ಈ ಸಣ್ಣದು ನಮ್ದ್ರಿ” ಎಂದೆ ಸಾಹೇಬರಿಗೆ.

“ಹೇಳಿಕೊಟ್ಟು ಕರೆಸಿರ್ತಾಳ” ಎಂದ ಅಜೀಮುದ್ದೀನ್.

ಸಾಹೇಬರು ಅವನನ್ನೂ ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಮಡಿಸಿಟ್ಟಿದ್ದ ರಜಾಯಿಯ ಮೇಲೆ ಕೈಯಿಟ್ಟು, “ಗುರುತು ಹೇಳು” ಎಂದರು.

“ಮೂಲ್ಯಾಗ ಹಳದಿ ದಾರ ಅದ. ನಮ್ಮ ಮನೀವು ಎಲ್ಲಾ ಹಳದಿನೇ.”

ಬಿಚ್ಚಿದರು. ಹಳದಿ ಗಂಟು ಇತ್ತು. ಆಮೇಲೆ ಅವರು ರಾಶಿಯ ಮೂಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕೆಂಪು ರಜಾಯಿಗಳ ಹತ್ತಿರ ಕೈ ನಿಂತಿತು. “ಇಲ್ಲೂ ಹಳದಿ ಅದಲ್ಲ. ಇವು?”

ಬೆನ್ನ ಹಿಂದೆ ಮಾವನವರ ಕೆಮ್ಮು ಕೇಳಿಸಿತು. ಕೂಸು ನನ್ನ ಮೂಗುತಿ ಹಿಡಿದು ಎಳೆಯುತ್ತಿತ್ತು.

“ಅವೂ ನಮ್ಮವೇ ರಿ.”

“ಒಂದು ಮನಿಗಿ ಇಷ್ಟು ಯಾಕ?”

“ದರಬಾರಕ್ಕ ಬಂದ ಮಂದಿ ನಮ್ಮ ಪಡಸಾಲ್ಯಾಗ ಮಲಗತಾರ್ರಿ. ಚಾಚಿ ಮನ್ಯಾಗ ಯಾರೂ ಮಲಗಂಗಿಲ್ಲ.”

“ಬಾಡಿಗಿ ತಗೋತೀರೇನು?”

“ಅದು ಮಾವನವರನ್ನ ಕೇಳ್ರಿ.”

ಸಾಹೇಬರು ಮಾವನವರ ಕಡೆ ತಿರುಗಿದರು. ಮಾವನವರು ಪಗಡಿ ಸರಿಮಾಡಿಕೊಂಡರು. “ಮಂದಿ ಖುಷಿಯಿಂದ ಕೊಡ್ತಾರ್ರಿ, ನಾವು ಕೇಳಂಗಿಲ್ಲ” ಎಂದರು. ರಜಾಯಿ ನಮ್ಮದಲ್ಲ ಎನ್ನಲು ಇನ್ನು ದಾರಿ ಇರಲಿಲ್ಲ.

ಮೊದಲು ಅಲುಗಿದವಳು ಗಯಾಬಾಯಿ. “ಆ ಹಸಿರು ದಾರದ್ದು ನಂದ್ರಿ ಸಾಹೇಬ. ಆವತ್ತು ನೆನಪಿರಲಿಲ್ಲ” ಎನ್ನುತ್ತ ಬಂದಳು. ಆಕೆಯ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ದೊಡ್ಡ ಪಟ್ಟಿ ಯಾರ ತಲೆಗೆ ಹೋಗುತ್ತದೆಂದು ಗೊತ್ತಾದ ಮೇಲೆ ಎಲ್ಲರಿಗೂ ಧೈರ್ಯ ಬಂದಿತ್ತು. ಪ್ರತಿಯೊಬ್ಬರಿಗೂ ಸಾಹೇಬರು ಮೊದಲು ಬಣ್ಣ ಕೇಳುತ್ತಿದ್ದರು, ಆಮೇಲೆ ಮಡಿಕೆ ಬಿಚ್ಚುತ್ತಿದ್ದರು. ಕೊನೆಗೆ ಕಟ್ಟೆಯ ಮೇಲೆ ಉಳಿದದ್ದು ದಾರವಿಲ್ಲದ ಒಂದು ಹಳೆಯ ದುಪ್ಪಟಿ. “ಇದು ಯಾರದು?” ಎಂದರು.

“ನಂದು” ಎಂದಳು ಹಜಿರಾ ಬೀ.

ಸಾಹೇಬರ ಹುಕುಮು ಅಲ್ಲೇ ಬರೆದಾಯಿತು. ಆಕೆಯ ಮನೆ ಮತ್ತೆ ಒಂದು ಕೋಣೆಯ ಸಾದಾ ಮನೆಯಾಯಿತು, ಅಂಗಳ ಉಳಿಯಿತು. ಅಜೀಮುದ್ದೀನ್ ಅಳತೆಯ ಸರಪಳಿ ಹಿಡಿದು ನಮ್ಮ ಪಡಸಾಲೆಗೆ ಬಂದ. ಈ ಸಲ ಮಾವನವರು ಚಹಾ ಎನ್ನಲಿಲ್ಲ.

ಮರುದಿನ ಕಿಂಡಿಯ ಹತ್ತಿ ಹೊರಗೆ ಬಂತು. ಅದರ ಹಿಂದೆ ಒಂದು ಬಟ್ಟಲು ಶೀರ್ ಖುರ್ಮಾ, ಹಾಲು ಶಾವಿಗೆಯ ಪಾಯಸ. ನಾನು ಕೇಳಿಯೇ ಬಿಟ್ಟೆ. “ಕಾರಕೂನಗ ಯಾರು ಹೇಳಿದ್ರು ಅಂತ ಗೊತ್ತಾಯ್ತೇನು ಚಾಚಿ?”

“ಗೊತ್ತಾದ್ರ ಯಾರ ರಜಾಯಿ ತುಂಬ್ಲಿ?” ಎಂದಳು. ಕಿಂಡಿಗೆ ಮುಖ ತಂದು, “ನಿನಗ ಗೊತ್ತೇನು?” ಎಂದಳು. ಆ ದನಿಯಲ್ಲಿ ಪ್ರೀತಿ ಇತ್ತು, ಆದರೆ ಹಳೆಯ ಅನುಮಾನ ಪೂರ್ತಿ ಹೋಗಿರಲಿಲ್ಲ. ನನಗೂ ಇಂದಿಗೂ ಗೊತ್ತಿಲ್ಲ. ಮಾವನವರು ಹೇಳಿರಬಹುದು. ಕಾರಕೂನ ತಾನೇ ಮಾಳಿಗೆ ನೋಡಿ ಕಲ್ಪಿಸಿರಲೂಬಹುದು. ಮಾವನವರಿಗೆ ಊಟ ಬಡಿಸುವಾಗೆಲ್ಲ ಅವರ ಮುಖ ನೋಡುತ್ತೇನೆ. ಅವರೂ ನನ್ನ ಮುಖ ನೋಡುತ್ತಾರೆ, ಇವಳು ಮುಂದೆ ಯಾರ ಎದುರು ಏನು ಹೇಳುತ್ತಾಳೋ ಎಂದು.

ಅಂದಿನಿಂದ ಹಜಿರಾ ಬೀ ಹೊಸ ಪದ್ಧತಿ ಮಾಡಿದ್ದಾಳೆ. ಕೆಲಸ ಕೊಡಲು ಬಂದವರು ಬೀದಿಯಲ್ಲಿ ನಿಂತು, ನಾಲ್ಕು ಮಂದಿಗೆ ಕೇಳುವಂತೆ “ಇದು ನಂದು” ಎನ್ನಬೇಕು. ಅನ್ನದಿದ್ದರೆ ಪರದೆ ಸರಿಯುವುದಿಲ್ಲ. ಗಯಾಬಾಯಿ ಎಲ್ಲರಿಗಿಂತ ಜೋರಾಗಿ ಕೂಗುತ್ತಾಳೆ.

ಈ ವರ್ಷ ನಮ್ಮ ರಜಾಯಿಗಳು ಮೊನ್ನೆ ಬಂದವು. ಮಾವನವರು ಒಂದೊಂದನ್ನೂ ತಿರುಗಿಸಿ ನೋಡಿದರು. ದೊಡ್ಡವಕ್ಕೆಲ್ಲ ಹಳದಿ ದಾರ. ನನ್ನದಕ್ಕೂ ಕೂಸಿನದಕ್ಕೂ ಕೆಂಪು, ಗಯಾಬಾಯಿ ಜಗಳವಾಡಿದರೂ ಸಿಗದ ಬಣ್ಣ.

“ಒಂದೇ ಮನಿಗಿ ಎರಡು ದಾರ ಯಾಕ?” ಎಂದರು.

“ಚಾಚೀನ ಕೇಳ್ರಿ” ಎಂದು ಕೂಸಿನ ಕಾಲ ಮೇಲೆ ರಜಾಯಿ ಎಳೆದೆ.