ಹುರುಳಿ ಹರಡಿದ ರಸ್ತೆ

ಅರವತ್ತರ ದಶಕದ ಆರಂಭ. ಆಗಷ್ಟೇ ಕರೀಕೋಟು ತೊಟ್ಟು ಚನ್ನರಾಯಪಟ್ಟಣದಲ್ಲಿ ವಕೀಲಿ ಶುರುಮಾಡಿದ್ದೆ. ಕೇಸು ಕಡಿಮೆ, ಜಂಬ ಜಾಸ್ತಿ.

ನಮ್ಮ ಕಡೆ ರೈತರು ಹುರುಳಿ ಗಿಡ ಕಿತ್ತು ತಂದು ರಸ್ತೆಗೇ ಹರಡುತ್ತಿದ್ದರು. ಬಸ್ಸು ಹಾಯ್ದರೆ ಒಕ್ಕಣೆ ಪುಕ್ಕಟೆ. ಬಾಗೂರು ರಸ್ತೆಯಲ್ಲಿ ಅನುಕೂಲಸ್ಥ ರೈತರೊಬ್ಬರು ಹಾಗೆ ಹರಡಿಸಿದ್ದ ಹುರುಳಿಯ ಮೇಲೆ ಒಬ್ಬ ದರ್ಜಿಯ ಸೈಕಲ್ಲು ಜಾರಿತು. ಮುರಿದ ಬಲಗಾಲು ಸೊಟ್ಟಗೆ ಕೂಡಿಕೊಂಡಿತು. ಹೊಲಿಗೆ ಮಿಷನ್ನು ತುಳಿಯಲಾಗದ ದರ್ಜಿ ಹೊಟ್ಟೆಪಾಡಿಗೆ ಏನು ಮಾಡಬೇಕು? ಪರಿಹಾರ ಕೇಳಿ ದಾವೆ ಹಾಕಿದ. ರೈತರ ಪರ ನಾನು ನಿಂತೆ.

ಇಂಥ ದಾವೆಯಲ್ಲಿ ಕೋರ್ಟು ಕೇಳುವುದಿಷ್ಟೇ: ಸಾಧಾರಣ ವಿವೇಕವಿರುವ ಮನುಷ್ಯ ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದ? ಯಾರಾದರೂ ಬಿದ್ದಾರು ಎಂದು ಅವನಿಗೆ ಹೊಳೆಯುತ್ತಿತ್ತೇ? ಅರ್ಧ ರಸ್ತೆ ಬಿಟ್ಟು ಹರಡುವುದು ಕಷ್ಟವಿತ್ತೇ? ಕಷ್ಟವೇನೂ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ನಾನು ದರ್ಜಿಯ ವಿವೇಕದ ಬೆನ್ನುಹತ್ತಿದೆ.

"ಹುರುಳಿ ಕಾಣಿಸಿತಾ?" ಎಂದು ಪಾಟೀಸವಾಲಿನಲ್ಲಿ ಕೇಳಿದೆ.

"ಕಂಡೆ ಸಾ." ಪಾಪ, ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಮತ್ತೆ ಯಾಕೆ ಇಳೀಲಿಲ್ಲ?"

"ಎಲ್ಲಾರೂ ಅದ್ರ ಮ್ಯಾಲೇ ಓಯ್ತಾರೆ ಸಾ."

"ಎಲ್ಲರೂ ಬಾವಿಗೆ ಬಿದ್ದರೆ ನೀನೂ ಬೀಳ್ತೀಯಾ?" ಎಂದೆ. ಕೋರ್ಟು ಹಾಲಿನಲ್ಲಿ ನಗು ಎದ್ದಿತು. ನಾನು ಕಾಲರು ಸರಿಮಾಡಿಕೊಂಡೆ.

ವಾದದ ದಿನ ಮಾತ್ರ ಅದೇ ಬಾಯಲ್ಲಿ, "ಸುತ್ತಲ ಊರಿನವರೆಲ್ಲ ಹೀಗೇ ಹರಡುತ್ತಾರೆ ಸ್ವಾಮಿ, ನಮ್ಮ ಕಕ್ಷಿದಾರರದು ಮಾತ್ರ ಹೇಗೆ ಅಜಾಗರೂಕತೆ?" ಎಂದೆ. ದರ್ಜಿಯ ಬಾಯಿಂದ ಕಿತ್ತುಕೊಂಡ ಮಾತನ್ನೇ ನಾನು ಬಳಸುತ್ತಿದ್ದೆ. ಅದನ್ನು ಯಾರೂ ಎತ್ತಿ ತೋರಿಸಲಿಲ್ಲ. ದಾವೆ ವಜಾ ಆಯಿತು.

ತೀರ್ಪಿನ ನಂತರ ವರಾಂಡದಲ್ಲಿ ದರ್ಜಿಯ ಹೆಂಡತಿ ರೈತರಿಗೆ ಹಿಡಿಶಾಪ ಹಾಕುತ್ತಿದ್ದಳು. ಅವನು ಕೋಲೂರಿಕೊಂಡು ನನ್ನ ಬಳಿ ಬಂದ. ಬೈಯಲು ಬಂದನೆಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಾ, ಕೋರ್ಟಲ್ಲಿ ಏಳಿದ್ದು ಬುಡಿ. ನಿಜವಾಗ್ಲೂ ನಾನು ಇಳೀಬೇಕಿತ್ತಾ?"

ಕೇಸು ಮುಗಿದಿತ್ತು. ನಿಜ ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ನನ್ನ ಕಕ್ಷಿದಾರರು ನಿಂತಿದ್ದರು, ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ.

"ಇಳೀಬೇಕಿತ್ತು ಕಣಯ್ಯ" ಎಂದೆ.

ಅವನು ತಲೆಯಾಡಿಸಿ ಹೆಂಡತಿಯ ಕಡೆ ತಿರುಗಿದ. "ಅವ್ರನ್ಯಾಕೆ ಬಯ್ತೀಯ, ಬುಡಮ್ಮಿ. ತಪ್ಪು ನಂದೇ ಅಂತೆ."