ಎಂಟು ಬಾಗಿಲಿನ ಬೀಗದಕ್ಕ

ದೊಡ್ಡ ಸಭಾಭವನ ಕಟ್ಟುವ ಮಾತು ಬಂದರೆ ಸಾಕು, ಎಲ್ಲರೂ ವೇದಿಕೆಯ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ಅಗಲ, ದೀಪ ಎಲ್ಲಿ, ಗಣ್ಯರ ಕಾರು ಯಾವ ಬಾಗಿಲಿಗೆ ಬರಬೇಕು, ಇಂಥವೇ. ಶೌಚಾಲಯದ ಮಾತೆತ್ತಿದರೆ ಮೂಗು ಮುರಿಯುತ್ತಾರೆ. ಅಲ್ಲಿಗೆ ಹೋಗದವರು ಮಾತ್ರ ಒಬ್ಬರೂ ಇಲ್ಲ. ಬೀಗದಕ್ಕನ ಕಥೆಯನ್ನು ಬೇರೆಲ್ಲಿಂದ ಶುರುಮಾಡಿದರೂ ಸುಳ್ಳಾಗುತ್ತದೆ, ಹಾಗಾಗಿ ಅಲ್ಲಿಂದಲೇ ಶುರುವಾಗಲಿ.

ನಗರದ ಹಳೆಯ ಸಭಾಭವನದಲ್ಲಿ ಸಾವಿರದ ಇನ್ನೂರು ಕುರ್ಚಿಗಳಿದ್ದವು. ಹೆಂಗಸರ ಶೌಚಾಲಯಕ್ಕೆ ಇದ್ದದ್ದು ಎಂಟು ಬಾಗಿಲು. ಅದರಲ್ಲಿ ಮೂರನೆಯದರ ಚಿಲಕ ಒಳಗಿನಿಂದ ಸಿಕ್ಕಿಕೊಳ್ಳುತ್ತಿತ್ತು, ಆರನೆಯದರಲ್ಲಿ ನೀರು ಬರಬೇಕಾದರೆ ಎರಡು ಸಲ ಎಳೆಯಬೇಕಿತ್ತು. ಹೊರಗಿನ ಓಣಿಯಲ್ಲಿ ಒಂದು ಮರದ ಸ್ಟೂಲು, ಒಂದು ಬಕೆಟ್ಟು, ಫಿನಾಯಿಲ್ ಡಬ್ಬ. ಆ ಸ್ಟೂಲಿನ ಮೇಲೆ, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಇಪ್ಪತ್ತೆರಡು ವರ್ಷ ಕೂತವಳು ಅವಳು. ಕೂತಳು ಅನ್ನುವುದೂ ತಪ್ಪು, ವಿರಾಮದ ಗಂಟೆ ಹೊಡೆದ ಮೇಲೆ ಅವಳು ಕೂತದ್ದನ್ನು ಕಂಡವರಿಲ್ಲ. ಅವಳ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಬಾಯಲ್ಲಿ ಎಲ್ಲರಿಗೂ ಅವಳು ಬೀಗದಕ್ಕ.

ವಿರಾಮ ಹದಿನೈದು ನಿಮಿಷ. ಗಂಟೆ ಹೊಡೆದು ಎರಡು ನಿಮಿಷಕ್ಕೆಲ್ಲ ಹೆಂಗಸರ ಸಾಲು ಓಣಿ ದಾಟಿ ಮೆಟ್ಟಿಲ ಬುಡಕ್ಕೆ ಹೋಗಿರುತ್ತಿತ್ತು. ಬಸುರಿಯರು, ಮುದುಕಿಯರು, ಮಗುವನ್ನು ಕಂಕುಳಲ್ಲಿಟ್ಟುಕೊಂಡವರು ಯಾರೆಂದು ಒಂದೇ ನೋಟದಲ್ಲಿ ಹುಡುಕಿ ಬೀಗದಕ್ಕ ಅವರನ್ನು ಮುಂದೆ ಬಿಡುತ್ತಿದ್ದಳು. "ಸ್ವಲ್ಪ ತಾಳಿ ತಾಯಿ, ನಿಮಗೆ ಕಾಲು ಗಟ್ಟಿ ಇದೆ, ಅವ್ರಿಗಿಲ್ಲ" ಅಂದರೆ ಎಂಥ ಜಗಳಗಂಟಿಯೂ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಎದುರುಗಡೆ ಗಂಡಸರ ಕಡೆಯೂ ಎಂಟು ಬಾಗಿಲೇ, ಆದರೆ ಅದರ ಜೊತೆಗೆ ನಿಂತು ಮುಗಿಸುವ ಹದಿನಾಲ್ಕು ಜಾಗ ಬೇರೆ. ಅವರು ಸಿಳ್ಳೆ ಹಾಕುತ್ತ ಹೋಗಿ ಸಿಳ್ಳೆ ಹಾಕುತ್ತ ಬಂದು, ಕಾಫಿ ಕುಡಿದು, ಸಾಲಿನಲ್ಲಿ ನಿಂತ ಹೆಂಡತಿಯನ್ನು ದೂರದಿಂದ ನೋಡಿ "ಇನ್ನೂ ಆಗ್ಲಿಲ್ವಾ ನಿಂದು?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದವರನ್ನೆಲ್ಲ ಬೀಗದಕ್ಕ ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಟ್ಟಿದ್ದಳು.

ಅವಳು ಹೀಗೆ ಲೆಕ್ಕ ಇಡುವವಳಾದದ್ದು ಒಬ್ಬ ಟೀಚರಮ್ಮನಿಂದ. ಯಾವುದೋ ಶಿಕ್ಷಕರ ಸಮ್ಮೇಳನ. ಮೂವತ್ತೈದು ವರ್ಷ ಪಾಠ ಹೇಳಿದ ಆಕೆಗೆ ಅಂದು ಸನ್ಮಾನ. ವಿರಾಮ ಮುಗಿದರೂ ಆಕೆಯ ಮುಂದೆ ಇನ್ನೂ ಹನ್ನೊಂದು ಜನ ಇದ್ದರು. ಬೀಗದಕ್ಕ ಮೂರನೆಯ ಬಾಗಿಲಿನ ಸಿಕ್ಕಿಕೊಂಡ ಚಿಲಕ ಬಿಡಿಸುವುದರಲ್ಲಿದ್ದಳು, ಆಕೆಯ ಮುಖ ನೋಡಲಿಲ್ಲ. ಮೈಕಿನಲ್ಲಿ ಆಕೆಯ ಹೆಸರು ಮೂರು ಸಲ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಆಕೆ ಕದಲಲಿಲ್ಲ. ಯಾಕೆ ಕದಲಲಿಲ್ಲ ಅಂದರೆ, ಅಷ್ಟರಲ್ಲಿ ಆಕೆಯ ಬಟ್ಟೆ ಒದ್ದೆಯಾಗಿತ್ತು. ಬೀಗದಕ್ಕ ಆಕೆಯನ್ನು ಬಕೆಟ್ಟು ಇಡುವ ಕೋಣೆಗೆ ಕರೆದೊಯ್ದು ತನ್ನ ಬದಲಿ ಸೀರೆ ಉಡಿಸಿ, ಹಿಂದಿನ ಬಾಗಿಲಿಂದ ಆಟೋ ಹತ್ತಿಸಿದಳು. "ಯಾರಿಗೂ ಹೇಳ್ಬೇಡಮ್ಮ" ಅಂದರು ಟೀಚರಮ್ಮ. ಬೀಗದಕ್ಕ ಯಾರಿಗೂ ಹೇಳಲಿಲ್ಲ. ಆದರೆ ತಾನು ಮುಖ ನೋಡದೆ ಹೋದದ್ದನ್ನು ತನಗೆ ತಾನೇ ಕ್ಷಮಿಸಿಕೊಳ್ಳಲೂ ಇಲ್ಲ.

ಮರುದಿನದಿಂದ ಅವಳ ಮೈಮೇಲೆ ಎರಡು ಜೇಬಿನ ಅಂಗಿ ಬಂತು, ಜೇಬಿನೊಳಗೆ ಎಣಿಕೆಗೆ ಗುಂಡಿಗಳು ಬಂದವು. ಅವಳ ಗಂಡ ದರ್ಜಿ. ಒಬ್ಬ ಹೆಂಗಸು ಹೊರಬಂದರೆ ಬಲಗಡೆಯ ಜೇಬಿನಿಂದ ಎಡಗಡೆಗೆ ಒಂದು ಗುಂಡಿ. ಮಗುವನ್ನೋ ಮುದುಕಿಯನ್ನೋ ಕರೆತಂದವಳಾದರೆ ಕೋಟಿನ ದೊಡ್ಡ ಗುಂಡಿ. ವಿರಾಮ ಮುಗಿದ ಮೇಲೆ ಎಣಿಸಿ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದಳು. "ನನ್ನ ಗುಂಡಿ ಡಬ್ಬಿ ಖಾಲಿ ಮಾಡಿ ಯಾರ ಕೋಟು ಹೊಲೀತಿದ್ದೀಯೇ?" ಎಂದು ಗಂಡ ಗೇಲಿ ಮಾಡುತ್ತಿದ್ದ. ಅವಳು ನಗುತ್ತಿದ್ದಳು. ಎಷ್ಟು ಸಲ ಎಣಿಸಿದರೂ ಬಂದ ಉತ್ತರ ಒಂದೇ. ಹದಿನೈದು ನಿಮಿಷದಲ್ಲಿ ಎಂಟು ಬಾಗಿಲು ಎಂಬತ್ತು ಹೆಂಗಸರನ್ನು ಕಳಿಸಬಲ್ಲವು. ಮಿಕ್ಕವರು ಹಲ್ಲು ಕಚ್ಚಿಕೊಂಡು ಕೂರಬೇಕು.

ಹೀಗಿರುವಾಗ ಊರಿಗೆ ಹೊಸ ಸಮ್ಮೇಳನ ಕೇಂದ್ರ ಬರುತ್ತದೆ ಎಂಬ ಸುದ್ದಿ ಎದ್ದಿತು. ಐದು ಸಾವಿರ ಜನರ ಸಭಾಂಗಣ, ಮೂರು ಪ್ರದರ್ಶನ ಅಂಗಳ. ದುಡ್ಡು ನಗರಪಾಲಿಕೆಯದು ಒಂದಷ್ಟು, ಅಕ್ಕಪಕ್ಕದ ಎರಡು ಪುರಸಭೆಗಳದು ಒಂದಷ್ಟು, ಹೋಟೆಲ್ ಕೋಣೆಗಳ ಮೇಲೆ ಹಾಕುವ ತೆರಿಗೆಯಿಂದ ಒಂದಷ್ಟು, ಉಳಿದದ್ದು ಬ್ಯಾಂಕಿನಿಂದ. ಯೋಜನಾ ವಿಭಾಗದ ಎಂಜಿನಿಯರ್, ಒಬ್ಬ ಹೆಣ್ಣುಮಗಳು, ಟೇಪು ಹಿಡಿದುಕೊಂಡು ಹಳೆಯ ಭವನ ಅಳೆಯಲು ಬಂದಳು. ಹೆಂಗಸರ ಶೌಚಾಲಯದ ಉದ್ದಗಲ ಬರೆದುಕೊಂಡು ಹೊರಟವಳನ್ನು ಬೀಗದಕ್ಕ ತಡೆದು ನಿಲ್ಲಿಸಿದಳು.

"ಗೋಡೆ ಅಳೆದ್ರಿ ಮೇಡಂ. ಸಾಲನ್ನ ಅಳೆಯೋರು ಯಾರು?"

ಎಂಜಿನಿಯರ್ ನಕ್ಕಳು. ಬೀಗದಕ್ಕ ನೋಟ್‌ಪುಸ್ತಕ ಕೊಟ್ಟಳು. ಎರಡನೆಯ ಹಾಳೆಗೆ ನಗು ನಿಂತಿತು, ಹತ್ತನೆಯ ಹಾಳೆಗೆ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಆಮೇಲೆ ಮೂರು ಕಾರ್ಯಕ್ರಮಗಳಿಗೆ ತಾನೇ ಬಂದು, ಗುಂಡಿ ಹಿಡಿದು ಎಣಿಸಿದಳು. ಹೊಸ ನಕ್ಷೆಯಲ್ಲಿ ಗಂಡಸರಿಗೆ ನಲವತ್ತೆಂಟು ಬಾಗಿಲು, ಹೆಂಗಸರಿಗೆ ತೊಂಬತ್ತಾರು ಎಂದು ಬರೆದಳು. ಅಂದು ಬೀಗದಕ್ಕ ಮನೆಗೆ ಹೋಗುವಾಗ ನಡೆಯುತ್ತಿರಲಿಲ್ಲ, ಹಾರುತ್ತಿದ್ದಳು.

ಆದರೆ ಅಂದಾಜು ವೆಚ್ಚ ಹನುಮಂತನ ಬಾಲದ ಹಾಗೆ ಬೆಳೆಯಿತು. ಹತ್ತರಲ್ಲೊಂದು ಪಾಲು ಇಳಿಸದಿದ್ದರೆ ಒಂದು ಕಾಸೂ ಇಲ್ಲವೆಂದು ಬ್ಯಾಂಕಿನವರು ಕೂತರು. ಇಳಿಸುವ ಕೆಲಸ ಪಾಲಿಕೆಯ ಹಣಕಾಸು ಅಧಿಕಾರಿಗೆ ಬಿತ್ತು. ಕಡತ ಯಾವುದಾದರೂ ಸರಿ, ಕೆಂಪು ಪೆನ್ನಿನಲ್ಲಿ ಗೀಟು ಹೊಡೆಯದೆ ಮುಂದೆ ಕಳಿಸದವರು. ಅದಕ್ಕೇ ಅವರನ್ನು ಎಲ್ಲರೂ ಕತ್ತರಿ ಸಾಹೇಬರು ಅನ್ನುತ್ತಿದ್ದರು. ಲಂಚ ಮುಟ್ಟದ, ಕಚೇರಿಯ ಕಾರಿನಲ್ಲಿ ಮನೆಯ ತರಕಾರಿಯನ್ನೂ ತರಿಸದ ಮನುಷ್ಯ. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಕಷ್ಟ. ಅವರ ಗೀಟು ತೊಂಬತ್ತಾರರ ಮೇಲೂ ಬಿತ್ತು. ಪಕ್ಕದಲ್ಲಿ ನಲವತ್ತೆಂಟು ಎಂದು ಬರೆದರು.

ಬೀಗದಕ್ಕ ರಜೆ ಹಾಕಿ, ನೋಟ್‌ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅವರ ಕೋಣೆಗೆ ಹೋದಳು. ಸಾಹೇಬರು ಕೂರಿಸಿ, ನೀರು ಕೊಡಿಸಿ, ಪೂರ್ತಿ ಕೇಳಿಸಿಕೊಂಡರು.

"ನೋಡಿ ಅಮ್ಮ, ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ. ಇದಕ್ಕಿಂತ ನ್ಯಾಯ ಇನ್ನೇನಿದೆ?"

"ಬಾಗಿಲು ಅಷ್ಟೇ ಸಾರ್. ಸಾಲು ಅಷ್ಟೇ ಅಲ್ವಲ್ಲ."

"ಐದು ನಿಮಿಷ ನಿಂತ್ರೆ ಯಾರೂ ಸಾಯಲ್ಲ" ಅಂದರು ಸಾಹೇಬರು. ಆಮೇಲೆ ಮೇಜಿನ ಮೇಲಿದ್ದ ಒಂದು ಫೈಲನ್ನು ಬೆರಳಿನಿಂದ ತಟ್ಟಿದರು. "ಇದು ನಿಮ್ಮದೇ. ಇಪ್ಪತ್ತೆರಡು ವರ್ಷ ದಿನಗೂಲಿ ಮೇಲೆ ಇದ್ದೀರಿ, ಮುಂದಿನ ತಿಂಗಳು ಕಾಯಂ ಮಾಡ್ತಿದ್ದೀವಿ. ಪಿಂಚಣಿ ಬರುತ್ತೆ. ನಿಮ್ಮ ಪಾಡಿಗೆ ನೀವು ನೆಮ್ಮದಿಯಾಗಿರಿ."

ಅದು ಬೆದರಿಕೆಯಲ್ಲ, ನಿಜವಾದ ಒಳ್ಳೆಯ ಮಾತೇ. ಬೀಗದಕ್ಕನಿಗೆ ಅದೇ ಹೆಚ್ಚು ಕಷ್ಟವಾಯಿತು.

ಅಂತಿಮ ಸಭೆ ಆ ವಾರದ ಕೊನೆಗೆ, ಅದೇ ಹಳೆಯ ಭವನದಲ್ಲಿ ಎಂದು ಗೊತ್ತಾಯಿತು. ಅಲ್ಲಿ ಅಂದಾಜು ಪಾಸಾದರೆ ಮುಗಿಯಿತು, ಮುಂದೆ ಐವತ್ತು ವರ್ಷ ಹೆಂಗಸರು ಸಾಲಿನಲ್ಲಿ. ಅವಳು ಗಂಡನಿಗೆ ತನ್ನ ತಲೆಯಲ್ಲಿದ್ದದ್ದನ್ನು ಹೇಳಿದಳು. ದರ್ಜಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದ, ಕಣ್ಣಿನ ಪೊರೆ ಬಲಿತಿತ್ತು.

"ಕಾಯಂ ಕೆಲಸ ಕೈತಪ್ಪಿ ಹೋಗುತ್ತೆ ಕಣೇ" ಅಂದ.

"ಹೂಂ."

"ನನ್ನ ಕೈಲಿ ಇನ್ನು ಎಷ್ಟು ದಿನ ಹೊಲಿಯೋಕಾಗುತ್ತೋ ಗೊತ್ತಿಲ್ಲ."

"ಗೊತ್ತು. ಅದಕ್ಕೇ ಕೇಳ್ತಿರೋದು."

ಅವನು ಸೂಜಿ ಕೆಳಗಿಟ್ಟ. "ನನ್ನನ್ನ ಕೇಳ್ಬೇಡ. ನಾನು ಎಂದೂ ಆ ಸಾಲಲ್ಲಿ ನಿಂತವನಲ್ಲ" ಅಂದ. ಗಂಡಸೊಬ್ಬ ಆಡಬಹುದಾದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದನ್ನು ಬೀಗದಕ್ಕ ಕೇಳಿರಲಿಲ್ಲ.

ಸಭೆಗೆ ಬಂದವರು ಮುನ್ನೂರ ಎಪ್ಪತ್ತು ಜನ. ಪಾಲಿಕೆ ಸದಸ್ಯರು, ಹೋಟೆಲ್ ಮಾಲೀಕರು, ವರ್ತಕರು, ಬ್ಯಾಂಕಿನವರು. ಹೆಂಗಸರು ಎಣಿಸಿ ಇಪ್ಪತ್ತಾರು. ವಿರಾಮದ ಗಂಟೆಗೆ ಹತ್ತು ನಿಮಿಷ ಮೊದಲು ಬೀಗದಕ್ಕ ಗಂಡಸರ ಕಡೆಗೆ ಹೋಗಿ, ನಿಂತು ಮುಗಿಸುವ ಹದಿನಾಲ್ಕು ಜಾಗಗಳ ಭಾಗಕ್ಕೆ "ಸ್ವಚ್ಛತೆ ನಡೆಯುತ್ತಿದೆ" ಎಂಬ ಫಲಕ ಅಡ್ಡ ನಿಲ್ಲಿಸಿದಳು. ಸುಳ್ಳು ಹೇಳಬಾರದಲ್ಲ, ಹಾಗಾಗಿ ನಿಜವಾಗಿಯೂ ಬಕೆಟ್ಟು ಪೊರಕೆ ಹಿಡಿದು ಉಜ್ಜತೊಡಗಿದಳು. ಒಂದೊಂದು ಮೂಲೆಯನ್ನೂ ಬಿಡದೆ ಉಜ್ಜಿದಳು. ಗಂಡಸರಿಗೆ ಉಳಿದದ್ದು ಎಂಟು ಬಾಗಿಲು. ಹೆಂಗಸರಿಗೂ ಎಂಟು. ಸಮ.

ಗಂಟೆ ಹೊಡೆಯಿತು. ಎರಡು ಕಪ್ ಕಾಫಿ ಕುಡಿದು ಬಂದವರಿಗೆ ಮೊದಲು ಅರ್ಥವೇ ಆಗಲಿಲ್ಲ. ಸಾಲು ಎಂಬುದು ಹೆಂಗಸರಿಗೆ ಅಂಟಿದ ವಸ್ತು ಎಂದು ತಿಳಿದವರು ಅವರು. ಐದನೆಯ ನಿಮಿಷಕ್ಕೆ ಸಾಲು ಮೆಟ್ಟಿಲು ಮುಟ್ಟಿತು. ಒಬ್ಬ ಹೋಟೆಲ್ ಮಾಲೀಕರು ಒಂದು ಕಾಲಿನ ಮೇಲೆ ಭಾರ ಹಾಕಿದರು, ಆಮೇಲೆ ಇನ್ನೊಂದರ ಮೇಲೆ. "ಏನಮ್ಮ, ಇವತ್ತೇ ತೊಳೀಬೇಕಿತ್ತಾ?" ಎಂದು ಯಾರೋ ಗದರಿದರು. "ಗಣ್ಯರು ಬಂದಿದ್ದೀರಲ್ಲ ಸಾರ್, ಕೊಳಕಿರಬಾರ್ದು" ಎಂದಳು ಬೀಗದಕ್ಕ, ಉಜ್ಜುವುದನ್ನು ನಿಲ್ಲಿಸದೆ. ಸಾಲಿನ ನಡುವೆ ಕತ್ತರಿ ಸಾಹೇಬರು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಕಾಯುವ ಶಕ್ತಿ ಇಲ್ಲ. ಬೀಗದಕ್ಕ ಅದನ್ನು ಮುಖದಲ್ಲೇ ಓದಿದಳು. ಪೊರಕೆ ಬಿಟ್ಟು ಹೋಗಿ, ತೋಳು ಹಿಡಿದು, "ಸ್ವಲ್ಪ ದಾರಿ ಬಿಡಿ ಸಾರ್, ಇವ್ರಿಗೆ ಆಗಲ್ಲ" ಎಂದು ಅವರನ್ನು ಮುಂದೆ ಕರೆದೊಯ್ದಳು. ಗೆಲ್ಲಬೇಕಾದವಳು ಎದುರಾಳಿಯನ್ನು ಹೀಗೆ ಕೈಹಿಡಿದು ನಡೆಸುವುದುಂಟೇ? ಅವಳಿಗೆ ಅಭ್ಯಾಸವಾಗಿ ಹೋಗಿತ್ತು, ಬೇರೆ ರೀತಿ ಗೊತ್ತಿರಲಿಲ್ಲ.

ಸಭಾಂಗಣದೊಳಗೆ ಇಪ್ಪತ್ತಾರು ಹೆಂಗಸರು ಆರಾಮಾಗಿ ಬಂದು ಕೂತಿದ್ದರು. ಅಧ್ಯಕ್ಷರ ಕುರ್ಚಿ ಖಾಲಿ. ಸಭೆ ಮತ್ತೆ ಸೇರಲು ಮೂವತ್ತೆಂಟು ನಿಮಿಷ ಹಿಡಿಯಿತು. ಎಲ್ಲರೂ ಕೂತ ಮೇಲೆ ಎಂಜಿನಿಯರ್ ಎದ್ದು ನಿಂತಳು. ಅವಳಿಗೂ ಮೊದಲು ಏನೂ ಗೊತ್ತಿರಲಿಲ್ಲ, ಆದರೆ ಕಣ್ಣಿತ್ತಲ್ಲ. "ಇವತ್ತು ಗಂಡಸರಿಗೆ ಎಂಟು, ಹೆಂಗಸರಿಗೆ ಎಂಟು ಬಾಗಿಲಿತ್ತು. ಈ ಅಂದಾಜಿನಲ್ಲಿರೋ ಸಮಾನತೆ ಇದೇ. ಪಾಸು ಮಾಡೋಣವೇ?" ಎಂದು ಕೇಳಿ ಕೂತುಬಿಟ್ಟಳು.

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಅಧ್ಯಕ್ಷರೂ ನಕ್ಕರು. ನಕ್ಕ ಮೇಲೆ ಬೇಡ ಅನ್ನುವುದು ಕಷ್ಟ. ನಕ್ಷೆಯಲ್ಲಿದ್ದ ಮುಂಬಾಗಿಲಿನ ಗಾಜಿನ ಗೋಪುರವನ್ನು ಅರ್ಧ ತಗ್ಗಿಸಿ, ಆ ದುಡ್ಡಿನಲ್ಲಿ ತೊಂಬತ್ತಾರನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ತೊಂಬತ್ತಾರರ ಮೇಲಿನ ಕೆಂಪು ಗೀಟನ್ನು ಕತ್ತರಿ ಸಾಹೇಬರೇ ರದ್ದುಮಾಡಿದರು.

ಸಂಜೆ ಅವರು ಬೀಗದಕ್ಕನನ್ನು ಕರೆಸಿದರು. ಅವಳ ಫೈಲು ತೆರೆದಿತ್ತು.

"ಬೇಕಂತಲೇ ಮಾಡಿದ್ದಲ್ವಾ?"

"ಹೌದು ಸಾರ್."

"ಇಲ್ಲ ಅಂದಿದ್ರೆ ಬಿಟ್ಟುಬಿಡ್ತಿದ್ದೆ."

"ಗೊತ್ತು ಸಾರ್."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಯಾವ ಕಾರ್ಯಕ್ರಮಕ್ಕೆ ಹೋದ್ರೂ ನನ್ನ ಹೆಂಡತಿ ತಡವಾಗಿ ಬಂದು ಕೂರ್ತಿದ್ಲು. ಕಾರಲ್ಲಿ ಮನೆ ತಲುಪೋವರೆಗೂ ಬೈತಿದ್ದೆ. ಮೂವತ್ತು ವರ್ಷ ಬೈದಿದ್ದೀನಿ. ಎಲ್ಲಿ ನಿಂತಿದ್ದೆ ಅಂತ ಒಂದು ಸಲನೂ ಕೇಳಲಿಲ್ಲ. ಈಗ ಕೇಳೋಣ ಅಂದ್ರೆ ಅವಳಿಲ್ಲ."

ಸಾಹೇಬರು ಕನ್ನಡಕ ಒರೆಸಿಕೊಂಡು ಫೈಲಿನಲ್ಲಿ ಶಿಸ್ತುಕ್ರಮ ಎಂದು ಬರೆದರು. ಶಿಸ್ತುಕ್ರಮಕ್ಕೆ ಒಳಗಾದವರ ಕಾಯಮಾತಿ ಒಂದು ವರ್ಷ ಮುಂದಕ್ಕೆ, ನಿಯಮ ಹಾಗಿತ್ತು. ಒಂದು ವರ್ಷದಲ್ಲಿ ಅವಳ ವಯಸ್ಸು ಮೀರುತ್ತಿತ್ತು. ಇಬ್ಬರಿಗೂ ಅದು ತಿಳಿದಿತ್ತು. ಕಣ್ಣಲ್ಲಿ ನೀರಿಟ್ಟುಕೊಂಡೂ ನಿಯಮ ಬಿಡದ ಆ ಮನುಷ್ಯನನ್ನು ನೆನೆದರೆ ಮೈ ಉರಿಯುತ್ತದೆ. ಬೀಗದಕ್ಕನಿಗೆ ಉರಿಯಲಿಲ್ಲ. "ಒಂದಕ್ಕೊಂದು ಸರಿಹೋಯ್ತು ಬಿಡಿ" ಎಂದು ಗಂಡನಿಗೆ ಹೇಳಿ, ಮುಂದಿನ ವರ್ಷದಿಂದ ಅವನ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಲು ಕೂತಳು. ಪಿಂಚಣಿ ಇಲ್ಲದ ಸಂಸಾರ ಕಷ್ಟದ್ದೇ, ಅದನ್ನು ಸುಖ ಎಂದು ಬರೆದರೆ ಅವಳಿಗೆ ಅವಮಾನ.

ಮೂರು ವರ್ಷಕ್ಕೆ ಕೇಂದ್ರ ಮುಗಿಯಿತು. ಉದ್ಘಾಟನೆಗೆ ಎಂಜಿನಿಯರ್ ತಾನೇ ಅಂಗಡಿಗೆ ಬಂದು ಕಾರ್ಡು ಕೊಟ್ಟಳು. ಬೀಗದಕ್ಕ ಏಳನೆಯ ಸಾಲಿನಲ್ಲಿ, ಮೆತ್ತನೆಯ ಕುರ್ಚಿಯಲ್ಲಿ ಮುದುಡಿಕೊಂಡು ಕೂತಳು. ಭಾಷಣದ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ವಿರಾಮದ ಗಂಟೆ ಹೊಡೆದದ್ದೇ ತಡ, ಕಾಲು ತಾನಾಗಿ ಅವಳನ್ನು ಹೆಂಗಸರ ಬಾಗಿಲ ಬಳಿ ತಂದು ನಿಲ್ಲಿಸಿತು.

ಹೆಂಗಸರು ಬಂದರು, ನೂರಾರು. ಮಾತಾಡುತ್ತ ಒಳಗೆ ಹೋದರು, ಮಾತು ಮುಗಿಯುವ ಮೊದಲೇ ಹೊರಗೆ ಬಂದರು. ಯಾರೂ ಓಡಲಿಲ್ಲ, ಯಾರೂ ನಿಲ್ಲಲಿಲ್ಲ. ಇಲ್ಲಿ ಏನು ನಡೆಯುತ್ತಿದೆ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೀಗದಕ್ಕ ಬಾಗಿಲ ಪಕ್ಕ ನಿಂತೇ ಇದ್ದಳು.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿ ನೋಡಿದರೆ ಕೋಲೂರಿಕೊಂಡ ಒಬ್ಬ ಮುದುಕಿ, ಬಂದು ಅವಳ ಹಿಂದೆ ನಿಂತುಬಿಟ್ಟಿದ್ದಾಳೆ.

"ಯಾಕಮ್ಮ ಇಲ್ಲಿ ನಿಂತ್ರಿ?"

"ಸಾಲಲ್ವೇನಮ್ಮ ಇದು? ನಿನ್ನ ಹಿಂದೆ ನಾನೇ ತಾನೇ?"

"ಸಾಲಿಲ್ಲಮ್ಮ. ಹೋಗಿ ಒಳಗೆ."

ಮುದುಕಿ ಅನುಮಾನದಿಂದ ಬಾಗಿಲ ಕಡೆ ನೋಡಿದಳು, ಕದಲಲಿಲ್ಲ. ಕೊನೆಗೆ ಬೀಗದಕ್ಕನೇ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಒಂದು ಖಾಲಿ ಬಾಗಿಲನ್ನು ತೆರೆದು ತೋರಿಸಬೇಕಾಯಿತು.