ಟೀಚರ್ ಗಂಟಲು ಹೋದ ವರ್ಷ

ಮೂರನೇ ಕ್ಲಾಸಿನ ಟೀಚರಿಗೆ ಶಾಲೆಯಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಮೈಕು. ಅವರು ಮಗ್ಗಿ ಹೇಳಿಸಲು ನಿಂತರೆ ಗೇಟಿನಾಚೆ ಸೈಕಲ್ ರಿಪೇರಿ ಮಾಡುವವನಿಗೂ ಹದಿನಾರರ ಮಗ್ಗಿ ಬಾಯಿಪಾಠ ಆಗುತ್ತಿತ್ತು. ಅವರ ಕೋಣೆಗೂ ನಾಲ್ಕನೇ ಕ್ಲಾಸಿಗೂ ನಡುವೆ ಇದ್ದದ್ದು ಸೂರು ಮುಟ್ಟದ ಅರ್ಧ ಗೋಡೆ. ಆ ಕಡೆಯ ಮೇಷ್ಟ್ರು ಅವರಿಗಿಂತ ಹತ್ತು ವರ್ಷ ಚಿಕ್ಕವರು. ‘ಅಕ್ಕಾ, ನೀವು ಪಾಠ ಮಾಡಿದ್ರೆ ನನ್ನ ಹುಡುಗರು ಮತ್ತೆ ಮೂರನೇ ಕ್ಲಾಸಿಗೇ ಇಳಿದುಬಿಡ್ತಾರೆ’ ಎಂದು ನಗುತ್ತಿದ್ದರು. ಟೀಚರೂ ನಗುತ್ತಿದ್ದರು. ಇಪ್ಪತ್ನಾಲ್ಕು ವರ್ಷ ಹೀಗೇ ನಡೆದಿತ್ತು. ಬೋರ್ಡು, ಚಾಕ್‌ಪೀಸು, ಕೈಕಟ್ಟಿ ಕೂತ ನಲವತ್ತು ಚಿಲ್ಲರೆ ಮಕ್ಕಳು, ಮತ್ತು ಆ ದನಿ.

ಒಂದು ಸೋಮವಾರ ಹಾಜರಿ ಕೂಗುವಾಗ ಹನ್ನೊಂದನೇ ನಂಬರಿಗೆ ದನಿ ಒಡೆಯಿತು. ಹದಿನೈದಕ್ಕೆ ಬರೀ ಗಾಳಿ ಬಂತು. ಶೀತ ಇರಬೇಕು ಅಂದುಕೊಂಡು ಒಂದು ವಾರ ಉಪ್ಪುನೀರು ಮುಕ್ಕಳಿಸಿದರು. ಆಮೇಲೆ ಆಸ್ಪತ್ರೆಗೆ ಹೋದರು. ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯಲ್ಲಿ ಎರಡು ಸಣ್ಣ ಗಂಟು ಬೆಳೆದಿವೆ ಎಂದರು.

‘ಎರಡು ತಿಂಗಳು ಮಾತಾಡಕೂಡದು. ಪಿಸುಮಾತೂ ಬೇಡ. ಮಾತಾಡಿದ್ರೆ ಆಪರೇಷನ್ನೇ. ಏನು ಕೆಲಸ ನಿಮ್ಮದು?’

ಟೀಚರು ಚೀಟಿಯ ಮೇಲೆ ತಮ್ಮ ಕೆಲಸ ಬರೆದು ತೋರಿಸಿದರು. ಡಾಕ್ಟರು ಓದಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ‘ಇದೇ ವಾರದಲ್ಲಿ ನೀವು ಮೂರನೆಯ ಟೀಚರು’ ಎಂದರು.

ರಜೆ ಇರಲಿಲ್ಲ. ಇದ್ದಬದ್ದ ರಜೆಯೆಲ್ಲ ಹಿಂದಿನ ವರ್ಷ ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಕಳೆದುಹೋಗಿತ್ತು. ಹೆಡ್‌ಮಾಸ್ಟರು ಡಾಕ್ಟರ ಕಾಗದವನ್ನು ಎರಡು ಸಲ ಓದಿ ತಲೆ ಕೆರೆದುಕೊಂಡರು. ‘ಬದಲಿ ಟೀಚರನ್ನ ನಾನೆಲ್ಲಿಂದ ತರಲಿ ಮೇಡಂ? ನೀವು ಸುಮ್ನೆ ಬಂದು ಕೂತ್ಕೊಳ್ಳಿ. ಮಕ್ಕಳು ಏನಾದ್ರೂ ಬರೀತಾ ಇರಲಿ.’

ಮಾತಾಡದ ಟೀಚರ ಮುಂದೆ ನಲವತ್ತೆರಡು ಮಕ್ಕಳು ಎಷ್ಟು ಹೊತ್ತು ಬರೆಯುತ್ತಾರೆ? ಮೊದಲ ದಿನ ಮುಕ್ಕಾಲು ಗಂಟೆ, ಎರಡನೇ ದಿನ ಹತ್ತು ನಿಮಿಷ. ಮೂರನೇ ದಿನ ಟೀಚರು ಮೇಜಿಗೆ ಬಡಿದು ಬಡಿದು ಮರದ ಸ್ಕೇಲು ಎರಡು ತುಂಡಾಯಿತು. ಒಂದು ತುಂಡು ಹಾರಿ ಹಿಂದಿನ ಬೆಂಚಿಗೆ ಹೋಗಿ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಅರ್ಧ ಗೋಡೆಯ ಮೇಲಿನಿಂದ ಪಕ್ಕದ ಮೇಷ್ಟ್ರ ಮುಖ ಕಾಣಿಸಿತು. ಅವರು ಕುರ್ಚಿ ಹತ್ತಿ ನಿಂತಿದ್ದರು.

‘ಅಕ್ಕಾ, ನೀವು ಮಾತಾಡ್ತಿದ್ದಾಗಲೇ ವಾಸಿ ಇತ್ತು.’

ಮನೆಯಲ್ಲಿ ಇನ್ನೊಂದು ಕಥೆ. ಗಂಡ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವರು, ಕಿವಿ ಮಂದ. ಇಷ್ಟು ದಿನ ಅವರ ಕಿವಿಗೂ ಟೀಚರ ಗಂಟಲಿಗೂ ಹೇಗೋ ಹೊಂದಾಣಿಕೆಯಾಗಿತ್ತು. ಈಗ ಸಾರಿಗೆ ಉಪ್ಪು ಸಾಕಾ ಎಂದು ಕೇಳಬೇಕಾದರೂ ಚೀಟಿ ಬರೆಯಬೇಕು. ಬರೆಯಲಿ ಎಂದು ಅವರು ಪ್ರೆಸ್ಸಿನಿಂದ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಚೀಲದ ತುಂಬ ತಂದು ಹಾಕಿದರು. ಎಲ್ಲ ಒಂದೇ ಅಗಲ, ಒಂದೇ ಉದ್ದ.

‘ಜಗಳ ಆಡೋಕೂ ಸಾಕಾಗುತ್ತೆ ನೋಡು’ ಎಂದರು.

ಆ ಪಟ್ಟಿಗಳನ್ನೇ ಟೀಚರು ಶಾಲೆಗೆ ಒಯ್ದರು. ಅರ್ಧ, ಕಾಲು, ಮುಕ್ಕಾಲು ಶುರುವಾಗಬೇಕಿದ್ದ ವಾರ ಅದು. ಬೋರ್ಡಿನ ಮೇಲೆ ಬರೆದರು: ಒಂದು ಪಟ್ಟಿಯನ್ನು ನಾಲ್ಕು ಸಮಭಾಗ ಮಾಡಿ. ಕತ್ತರಿಗಳು ಇದ್ದದ್ದು ಹತ್ತು. ಹತ್ತು ಕತ್ತರಿಗೆ ಹತ್ತು ಗುಂಪು. ಎಂಟರಲ್ಲಿ ನಾಲ್ಕು ನಾಲ್ಕು ಮಕ್ಕಳು, ಎರಡರಲ್ಲಿ ಐದೈದು. ಯಾವ ಪುಸ್ತಕವನ್ನೂ ಓದಿ ಮಾಡಿದ ವಿಂಗಡಣೆಯಲ್ಲ.

ಮೊದಲ ದಿನ ಸಂತೆ. ಕತ್ತರಿ ಹಿಡಿದವರು ಬಿಡಲಿಲ್ಲ, ಹಿಡಿಯದವರು ಅತ್ತರು. ಮೂರನೇ ಗುಂಪಿನಲ್ಲಿ ಒಬ್ಬಳು ಹುಡುಗಿ ಕತ್ತರಿ, ಪೆನ್ಸಿಲ್, ಪಟ್ಟಿ ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಎಲ್ಲ ಮಾಡಿ ಮುಗಿಸಿ, ‘ಆಯ್ತು ಟೀಚರ್, ನಮ್ಮದೇ ಫಸ್ಟು’ ಎಂದಳು. ಅವಳನ್ನು ಮಕ್ಕಳೆಲ್ಲ ಲಾಯರು ಎನ್ನುತ್ತಿದ್ದರು. ವಾದಕ್ಕೆ ನಿಂತರೆ ಟೀಚರನ್ನೂ ಬಿಡದವಳು. ಅದೇ ಗುಂಪಿನಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹುಡುಗಿ ಕೂತಿದ್ದಳು. ಮೂರನೇ ಕ್ಲಾಸಿನಲ್ಲಿ ಅವಳಿಗಿದು ಎರಡನೇ ವರ್ಷ. ಉಳಿದವರಿಗಿಂತ ಒಂದು ತಲೆ ಎತ್ತರ. ಲಾಯರು ಕೆಲಸ ಮುಗಿಸುವವರೆಗೂ ಅವಳು ಕಿಟಕಿಯ ಸರಳು ಎಣಿಸುತ್ತಿದ್ದಳು.

ಮಾತಿಲ್ಲದ ಟೀಚರಿಗೆ ನೋಡುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಮಕ್ಕಳನ್ನು ಇಷ್ಟು ಹೊತ್ತು ನೋಡಿಯೇ ಇರಲಿಲ್ಲ ಎಂದು ಅವರಿಗೆ ಅನಿಸಿತು. ಸಂತೋಷವೇನೂ ಆಗಲಿಲ್ಲ, ಒಂದು ಥರದ ಸುಸ್ತಾಯಿತು. ಕಿಟಕಿ ಸರಳು ಎಣಿಸುವವರು ದೊಡ್ಡಕ್ಕನೊಬ್ಬಳೇ ಅಲ್ಲ, ಎಣಿಸಿದರೆ ಹದಿನೈದು ಜನ ಇದ್ದರು. ಮೊದಲೂ ಇದ್ದಿರಬೇಕು. ತಮ್ಮ ದನಿಯ ಅಬ್ಬರದಲ್ಲಿ ಗೊತ್ತಾಗಿರಲಿಲ್ಲ.

ಮರುದಿನ ಅವರು ಹಂಚುವ ರೀತಿ ಬದಲಿಸಿದರು. ಕತ್ತರಿ ಒಬ್ಬರಿಗೆ, ಪೆನ್ಸಿಲ್ ಒಬ್ಬರಿಗೆ, ಅಳೆಯುವ ದಾರ ಒಬ್ಬರಿಗೆ, ಮಿಕ್ಕವರ ಕೈ ಖಾಲಿ. ಖಾಲಿ ಕೈಯವರು ಎದ್ದು ನಿಂತು ಏನು ಮಾಡಿದೆವೆಂದು ಹೇಳಬೇಕು. ಹಾಗಾಗಿ ಅವರಿಗೆ ತಿಳಿಯುವಂತೆ ಹೇಳಿಕೊಡದೆ ಉಳಿದವರಿಗೆ ಗತಿ ಇರಲಿಲ್ಲ. ದಾರಿಗೆ ಬರಲು ಮೂರು ವಾರ ಹಿಡಿಯಿತು. ಗದ್ದಲವೇನೂ ಕಮ್ಮಿಯಾಗಲಿಲ್ಲ, ಆದರೆ ಅದರೊಳಗೆ ಪಟ್ಟಿ, ಕಾಲು, ಅರ್ಧ ಎನ್ನುವ ಮಾತುಗಳು ಕೇಳತೊಡಗಿದವು. ದಿನ ಮುಗಿದ ಮೇಲೆ ಟೀಚರು ಮಂಡಿಯೂರಿ ಕಾಗದದ ಚೂರು ಗುಡಿಸುತ್ತಿದ್ದರು. ಕೂಗಿ ಕೂಗಿ ಗಂಟಲು ಸೋಲುವ ಬದಲು ಈಗ ಸೊಂಟ ಸೋಲುತ್ತಿತ್ತು.

ಎರಡನೇ ತಿಂಗಳು ನೀರಿನ ಅಳತೆ. ಪ್ರತಿ ಗುಂಪೂ ಮನೆಯಿಂದ ಒಂದೊಂದು ಮಗ್ ತಂದಿತ್ತು. ಶಾಲೆಯಲ್ಲಿದ್ದ ಮೂರು ಬಕೆಟ್ಟೂ ಒಂದೇ ಅಳತೆಯವು. ಎಷ್ಟು ಮಗ್ ಹಾಕಿದರೆ ಬಕೆಟ್ ತುಂಬುತ್ತದೆ? ಸರದಿಯ ಮೇಲೆ ತುಂಬಿ ಲೆಕ್ಕ ಬರೆದರು. ಒಂದು ಗುಂಪಿಗೆ ಹದಿನೆಂಟು, ಇನ್ನೊಂದಕ್ಕೆ ಇಪ್ಪತ್ಮೂರು, ಮತ್ತೊಂದಕ್ಕೆ ಹದಿನಾಲ್ಕು.

‘ನೀವು ಚೆಲ್ಲಿದ್ದೀರಿ!’

‘ನಿಮಗೆ ಎಣಿಸೋಕೇ ಬರಲ್ಲ!’

ಹೊಡೆದಾಟಕ್ಕೆ ಒಂದು ಗೇಣು ಬಾಕಿ ಇತ್ತು. ಟೀಚರು ಏಳಲು ಹೋಗಿ ಕೂತರು. ಎದ್ದೂ ಏನು ಹೇಳುವುದು? ಆಗ ದೊಡ್ಡಕ್ಕ, ಯಾರೂ ಕೇಳದೆಯೇ, ಬಾಯಿ ಬಿಟ್ಟಳು. ಮನೆಗೆ ಬೆಳಿಗ್ಗೆ ನಲ್ಲಿ ಸಾಲಿನಲ್ಲಿ ನಿಂತು ನೀರು ತರುವವಳು ಅವಳೇ.

‘ಮಗ್ಗೇ ಬೇರೆ ಬೇರೆ ಅಲ್ವೇನ್ರೇ? ಅವರದು ದಪ್ಪ, ನಮ್ಮದು ಸಣ್ಣದು. ಎಲ್ರೂ ನಮ್ಮದೇ ತಗೊಂಡು ಹಾಕಿ ನೋಡಿ.’

ಲಾಯರು ಹಣೆ ಚಚ್ಚಿಕೊಂಡಳು. ‘ಅಯ್ಯೋ, ಇದು ನನಗ್ಯಾಕೆ ಹೊಳೀಲಿಲ್ಲ!’

ಒಂದೇ ಮಗ್‌ನಲ್ಲಿ ಮತ್ತೆ ತುಂಬುತ್ತಿದ್ದಾಗ ಬಾಗಿಲಲ್ಲಿ ಶಾಲಾ ತಪಾಸಣೆಯ ಇನ್‌ಸ್ಪೆಕ್ಟರು ನಿಂತಿದ್ದರು. ಅವರ ಬೆನ್ನಿಗೆ ಬೆವರುತ್ತಾ ಹೆಡ್‌ಮಾಸ್ಟರು. ನೆಲವೆಲ್ಲ ನೀರು. ಇನ್‌ಸ್ಪೆಕ್ಟರು ಪ್ಯಾಂಟು ಎತ್ತಿ ಹಿಡಿದು ಒಳಗೆ ಬಂದು, ಎಲ್ಲರಿಗಿಂತ ಎತ್ತರಕ್ಕೆ ಕಂಡ ದೊಡ್ಡಕ್ಕನನ್ನು ಕೇಳಿದರು. ‘ಏನಮ್ಮಾ, ಈ ಬಕೆಟ್ಟು ಎಷ್ಟು ನೀರು ಹಿಡಿಯುತ್ತೆ?’

ದೊಡ್ಡಕ್ಕ ಯೋಚಿಸಿದಳು. ‘ಯಾವ ಮಗ್‌ನಲ್ಲಿ ಸಾರ್?’

‘ನಾನು ಪ್ರಶ್ನೆ ಕೇಳಿದ್ರೆ ನನಗೇ ಪ್ರಶ್ನೆ ಹಾಕ್ತೀಯಾ?’

ಲಾಯರು ಎದ್ದು ನಿಂತಳು. ‘ಎದುರು ಮಾತಲ್ಲ ಸಾರ್. ಮಗ್ ಯಾವುದು ಅಂತ ಗೊತ್ತಾಗದೆ ಲೆಕ್ಕ ಹೇಳೋಕಾಗಲ್ಲ. ನಿಮ್ಮ ಮನೇಲಿ ದೊಡ್ಡ ಮಗ್ ಇರಬಹುದು.’

ಟೀಚರು ಬರೆದು ತೋರಿಸೋಣವೆಂದು ಸ್ಲೇಟಿಗೆ ಕೈಹಾಕಿದರು. ಅದು ಒದ್ದೆಯಾಗಿತ್ತು, ಬಳಪ ಹಿಡಿಯಲಿಲ್ಲ. ಇನ್‌ಸ್ಪೆಕ್ಟರು ಎರಡು ನಿಮಿಷ ನಿಂತು ಹೊರಟುಹೋದರು. ವಾರದ ನಂತರ ವರದಿ ಬಂತು. ಹೆಡ್‌ಮಾಸ್ಟರು ಅದನ್ನು ಟೀಚರ ಮುಂದೆ ತಳ್ಳಿದರು. ‘ತರಗತಿಯಲ್ಲಿ ಶಿಸ್ತು ಕಂಡುಬರಲಿಲ್ಲ. ನೆಲ ಒದ್ದೆಯಾಗಿತ್ತು. ಶಿಕ್ಷಕಿ ಮೌನವಾಗಿದ್ದರು.’

‘ಇದಕ್ಕೆ ಒಂದು ವಿವರಣೆ ಬರೆದುಕೊಡಿ ಮೇಡಂ. ನನ್ನ ತಲೆಗೆ ಬರೋದು ಬೇಡ.’

ಟೀಚರು ಬರೆದದ್ದು ಒಂದೇ ಸಾಲು: ಡಾಕ್ಟರ ಪತ್ರ ಲಗತ್ತಿಸಿದೆ. ಆಮೇಲೆ ಆ ಕಾಗದ ಎಲ್ಲಿಗೆ ಹೋಯಿತೋ, ಯಾರೂ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಟೀಚರಿಗೆ ಒಂದಿಷ್ಟು ಸಿಟ್ಟಾದರೂ ಬರುತ್ತಿತ್ತೇನೋ.

ಎರಡು ತಿಂಗಳು ಮುಗಿದು ದನಿ ಬಂತು. ಹಳೆಯ ದನಿಯಲ್ಲ, ಸವೆದ ಬಟ್ಟೆಯಂಥದ್ದು. ಗಂಟು ಕರಗುತ್ತಿವೆ, ಕೂಗಬೇಡಿ ಎಂದರು ಡಾಕ್ಟರು. ಮರುದಿನವೇ ಟೀಚರು ಕೂಗಿದರು. ಬೆಂಚುಗಳನ್ನು ಮೊದಲಿನಂತೆ ಸಾಲಾಗಿ ಹಾಕಿಸಿ, ‘ಎಲ್ಲರೂ ಕೈಕಟ್ಟಿ’ ಎಂದರು. ಅವರಿಗೆ ನಿಜಕ್ಕೂ ಬೇಕಾಗಿದ್ದದ್ದು ಒಂದು ದಿನದ ನೆಮ್ಮದಿ. ಚೂರು ಗುಡಿಸದ, ನೀರು ಒರೆಸದ ಒಂದು ದಿನ. ಮಕ್ಕಳು ಕೈಕಟ್ಟಿದರು. ಕೋಣೆ ಸ್ತಬ್ಧವಾಯಿತು. ಹತ್ತು ನಿಮಿಷ ಪಾಠ ಹೇಳುವುದರೊಳಗೆ ಗಂಟಲು ಉರಿಯಿತು. ಬೋರ್ಡಿನಿಂದ ತಿರುಗಿ ನೋಡಿದರೆ ದೊಡ್ಡಕ್ಕನ ಮುಖ ಕಿಟಕಿಯ ಕಡೆಗಿತ್ತು, ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು.

ಟೀಚರು ಚಾಕ್‌ಪೀಸು ಕೆಳಗಿಟ್ಟರು. ‘ಬೆಂಚು ತಿರುಗಿಸಿ’ ಎಂದರು. ಆ ದನಿ ಮೂರನೇ ಸಾಲಿನಾಚೆ ಯಾರಿಗೂ ಕೇಳಿಸದಿದ್ದರೂ ಬೆಂಚುಗಳೆಲ್ಲ ತಿರುಗಿದವು.

ಅದೇ ತಿಂಗಳ ಕೊನೆಗೆ ಲಾಯರಿನ ತಾಯಿ ಬಂದರು. ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ, ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದಿದ್ದರು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತು ಚಪ್ಪಲಿಯಿಂದ ಕಾಲು ಬಿಡಿಸಿಕೊಂಡರು. ಪಾದ ಊದಿತ್ತು.

‘ನನ್ನ ಮಗಳು ದಿನಾ ಬೇರೆ ಮಕ್ಕಳಿಗೆ ಪಾಠ ಹೇಳಿಕೊಡ್ತಾಳಂತೆ ಟೀಚರ್. ಮನೇಲಿ ಅದೇ ಮಾತು. ಅವಳು ಕಲಿಯೋದು ಯಾವಾಗ?’

‘ಹೇಳಿಕೊಡ್ತಾ ಅವಳೂ ಕಲೀತಾಳಮ್ಮ. ಮೊದಲಿಗಿಂತ ಈಗ ಅವಳಿಗೆ ಚೆನ್ನಾಗಿ ಅರ್ಥ ಆಗ್ತಿದೆ.’

‘ಇರಬಹುದು. ಆದರೆ ಹೋದ ಪರೀಕ್ಷೇಲಿ ಆರು ಮಾರ್ಕು ಕಮ್ಮಿ. ನಾನೂ ಅಲ್ಲಿ ಹೊಸಬರಿಗೆಲ್ಲ ಕೆಲಸ ಕಲಿಸ್ತೀನಿ. ಕಲಿತವರು ಮುಂದೆ ಹೋದ್ರು. ನಾನು ಹದಿನಾರು ವರ್ಷದಿಂದ ಅದೇ ವಾರ್ಡಲ್ಲಿದ್ದೀನಿ.’

ಟೀಚರು ಎದ್ದು ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟರು. ಹೊರಡುವಾಗ ನರ್ಸು, ‘ಬಿಸಿನೀರಿನ ಹಬೆ ತಗೊಳ್ಳಿ ಟೀಚರ್. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಮರೀಬೇಡಿ’ ಎಂದರು. ಹದಿನೈದು ದಿನಕ್ಕೆ ಲಾಯರು ಬೇರೆ ಶಾಲೆಗೆ ಸೇರಿದಳು.

ಮೂರನೇ ಗುಂಪಿನಲ್ಲಿ ಉಳಿದವರು ಮೂರೇ ಜನ. ಎರಡು ವಾರ ಆ ಗುಂಪಿಗೆ ಗರ ಬಡಿದಂತಿತ್ತು. ಕತ್ತರಿ ಇದ್ದಲ್ಲೇ ಇರುತ್ತಿತ್ತು. ಯಾರಾದರೂ ಶುರು ಮಾಡಲಿ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೇರೆ ಗುಂಪಿನ ಜಾಣೆಯೊಬ್ಬಳನ್ನು ತಂದು ಕೂರಿಸಿದರೆ ಆಗಿಹೋಗುತ್ತಿತ್ತು. ಟೀಚರು ಕೂರಿಸಲಿಲ್ಲ. ಯಾಕೆಂದು ಕೇಳಿದ್ದರೆ, ಬೆಂಚು ಎತ್ತಿ ಇಡುವ ಶಕ್ತಿ ಇರಲಿಲ್ಲ ಎನ್ನುತ್ತಿದ್ದರೋ ಏನೋ.

ಒಂದು ದಿನ ಖಾಲಿ ಕೈಯ ಸರದಿ ದೊಡ್ಡಕ್ಕನದು. ಅರ್ಧಕ್ಕೂ ಎರಡು ಕಾಲಿಗೂ ಏನು ಸಂಬಂಧ ಎಂದು ಹೇಳಬೇಕಿತ್ತು. ಎದ್ದು ನಿಂತಳು. ಬಾಯಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತ್ತು. ಆದರೂ ತುಟಿ ಕಚ್ಚಿ ಕೂತರು. ಕೂತಿರುವುದು ಅವರಿಗೆ ಕೂಗುವುದಕ್ಕಿಂತ ಕಷ್ಟವಾಯಿತು.

‘ಅರ್ಧ ದೊಡ್ಡದು’ ಎಂದಳು ದೊಡ್ಡಕ್ಕ.

ಪಕ್ಕದಲ್ಲಿದ್ದ ಗೆಳತಿ ಅವಳ ಲಂಗ ಜಗ್ಗಿ ಪಟ್ಟಿಗಳನ್ನು ಮುಂದಕ್ಕೆ ತಳ್ಳಿದಳು. ದೊಡ್ಡಕ್ಕ ಒಂದು ಕಾಲು ಭಾಗವನ್ನು ಅರ್ಧದ ಮೇಲಿಟ್ಟಳು. ಪಕ್ಕಕ್ಕೆ ಇನ್ನೊಂದನ್ನು ಇಟ್ಟಳು. ಬಗ್ಗಿ ಅಂಚು ಸರಿಮಾಡಿದಳು. ‘ಇಲ್ಲ, ತಡೀರಿ. ಒಂದು ಕಾಲಿಗಿಂತ ದೊಡ್ಡದು. ಎರಡು ಕಾಲು ಸೇರಿಸಿದ್ರೆ ಸಮ. ನೋಡಿ, ಸಮ.’

ಅರ್ಧ ಗೋಡೆಯ ಆ ಕಡೆಯಿಂದ ಮೇಷ್ಟ್ರು, ‘ಅಕ್ಕಾ, ಸ್ವಲ್ಪ ಸದ್ದು ಕಮ್ಮಿ!’ ಎಂದರು. ದೊಡ್ಡಕ್ಕ ಅಷ್ಟು ಜೋರಾಗಿ ಹೇಳಿದ್ದಳು.

ವರ್ಷದ ಕೊನೆಗೆ ಫಲಿತಾಂಶ ಬಂದಾಗ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕ್ಲಾಸಿನ ಸರಾಸರಿ ಹಿಂದಿನ ವರ್ಷಕ್ಕಿಂತ ಎರಡು ಮಾರ್ಕು ಹೆಚ್ಚು. ದೊಡ್ಡಕ್ಕ ಪಾಸಾದಳು, ಅಂಚಿನಲ್ಲಿ. ಮಾರ್ಕ್ಸ್ ಕಾರ್ಡು ಹಿಡಿದು ಬಂದು, ‘ಟೀಚರ್, ನಾಲ್ಕನೇ ಕ್ಲಾಸಲ್ಲೂ ಗುಂಪು ಮಾಡ್ತಾರಾ?’ ಎಂದು ಕೇಳಿದಳು.

‘ಗೊತ್ತಿಲ್ಲಮ್ಮ. ಮೇಷ್ಟ್ರನ್ನ ಕೇಳು.’

ಅವಳು ಕೇಳಿದಳಂತೆ. ರಜೆ ಮುಗಿದ ಮೊದಲ ವಾರವೇ ಮೇಷ್ಟ್ರು ಟೀ ಲೋಟ ಹಿಡಿದು ಬಂದರು. ‘ಹಾಳು ಮಾಡಿ ಕಳಿಸಿದ್ದೀರಿ ಅಕ್ಕಾ. ನಾನೊಂದು ಕೇಳಿದ್ರೆ ಮೊದಲು ಪಕ್ಕದವರ ಜೊತೆ ಮಾತಾಡ್ಕೊಂಡು ಆಮೇಲೆ ಉತ್ತರ ಕೊಡ್ತಾರೆ.’

‘ಸರಿಯಾಗಿ ಕೊಡ್ತಾರಾ?’

ಮೇಷ್ಟ್ರು ಟೀ ಕುಡಿದರು. ‘ಕೊಡ್ತಾರೆ’ ಎಂದರು ಮುಖ ಸಿಂಡರಿಸಿ.

ಮೂರನೇ ಕ್ಲಾಸಿಗೆ ಹೊಸ ಮಕ್ಕಳು ಬಂದಿದ್ದರು. ಈ ಸಲ ನಲವತ್ನಾಲ್ಕು. ಎಲ್ಲರೂ ಸಾಲಾಗಿ ಕೈಕಟ್ಟಿ ಕೂತು ಟೀಚರ ಬಾಯಿಯನ್ನೇ ನೋಡುತ್ತಿದ್ದರು. ಟೀಚರು ಮನೆಯಿಂದ ಇನ್ನೊಂದು ಕತ್ತರಿ ತಂದು ಅವರನ್ನು ಹನ್ನೊಂದು ಗುಂಪು ಮಾಡಿದರು. ಐದು ನಿಮಿಷಕ್ಕೆ ಇಬ್ಬರು ಪೆನ್ಸಿಲಿಗೆ ಕಿತ್ತಾಡಿದರು, ಒಬ್ಬಳು ಅಮ್ಮಾ ಎಂದು ಅಳತೊಡಗಿದಳು, ಮೂಲೆಯ ಗುಂಪಿನವರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತರು. ದಾರಿಗೆ ಬರಲು ಇನ್ನು ಒಂದೂವರೆ ತಿಂಗಳಾದರೂ ಬೇಕು ಎಂದು ಟೀಚರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಿವೃತ್ತಿಗೆ ಇನ್ನೂ ಏಳು ವರ್ಷ. ಕುರ್ಚಿಯನ್ನು ಅಳುತ್ತಿದ್ದವಳ ಪಕ್ಕಕ್ಕೆ ಎಳೆದುಕೊಂಡು, ಸೊಂಟಕ್ಕೆ ಕೈಕೊಟ್ಟು, ನಿಧಾನಕ್ಕೆ ಕೂತರು.